ಬನವ್ವನ ದನಿ

ನಮ್ಮೂರಿನ ಕಂಪ್ಯೂಟರುಗಳಲ್ಲಿ ಏನೂ ಉಳಿಯುವುದಿಲ್ಲ. ಆರಿಸಿದ ಕೂಡಲೇ ಬರಿದಾಗುತ್ತವೆ. ಮತ್ತೆ ಹಚ್ಚಿದರೆ ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತದೆ, ಅಷ್ಟೇ. ಹಾಗಾಗಿ ಊರಿನ ಪ್ರತಿಯೊಬ್ಬರ ಕೊರಳಲ್ಲೂ ದಾರಕ್ಕೆ ಕಟ್ಟಿದ ಒಂದು ಪೆನ್‌ಡ್ರೈವ್ ತೂಗುತ್ತಿರುತ್ತದೆ. ನಾವು ಅದನ್ನು ಕಡ್ಡಿ ಅನ್ನುತ್ತೇವೆ. ಕಂಪ್ಯೂಟರು ಎದ್ದು ನಡೆಯಲು ಬೇಕಾದ ಆಪರೇಟಿಂಗ್ ಸಿಸ್ಟಮ್ಮೂ ಅದರಲ್ಲೇ, ನಮ್ಮ ಕೆಲಸವೂ ಅದರಲ್ಲೇ, ಮದುವೆಯ ಫೋಟೋಗಳೂ ಅದರಲ್ಲೇ. ಚಹಾದಂಗಡಿ, ಕ್ಷೌರದಂಗಡಿ, ದವಾಖಾನೆ, ಸಂತೆಕಟ್ಟೆ, ಎಲ್ಲ ಕಡೆಯೂ ಕಂಪ್ಯೂಟರುಗಳಿವೆ. ಅವು ಯಾರವೂ ಅಲ್ಲ. ಕಡ್ಡಿ ಚುಚ್ಚಿದವರಿಗೆ ಚುಚ್ಚಿದಷ್ಟು ಹೊತ್ತು ಸ್ವಂತ.

ಒಂದು ಕಡ್ಡಿ ಒಬ್ಬರನ್ನೇ ಹೊರುತ್ತದೆ. ಇನ್ನೊಬ್ಬರದು ಸಾಸಿವೆಯಷ್ಟು ಹಾಕಿದರೂ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ನಮ್ಮಲ್ಲಿ ಯಾರೂ ಇನ್ನೊಬ್ಬರ ಕಡ್ಡಿ ಕೇಳುವುದಿಲ್ಲ. ಕೇಳುವುದು ಹೆಂಡತಿಯ ತಾಳಿ ಕೇಳಿದಂತೆ. ಸತ್ತವರ ಕಡ್ಡಿಯನ್ನು ಅವರ ಜೊತೆಗೇ ಮಣ್ಣು ಮಾಡುತ್ತೇವೆ.

ನನ್ನ ಹೆಂಡತಿ ಬನಶಂಕರಿಯನ್ನು ಊರೆಲ್ಲ ಬನವ್ವ ಅನ್ನುತ್ತಿತ್ತು. ಅವಳು ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುತ್ತಿದ್ದಳು. ಒಳ್ಳೆಯ ದನಿ ಅಂತ ಯಾರೂ ಅಂದವರಲ್ಲ. ಸ್ವಲ್ಪ ಒಡಕು, ಮಾತಿನ ಕೊನೆಯಲ್ಲಿ ಮೇಲೆ ಎತ್ತಿ ಬಿಡುವ ರೂಢಿ. ಆದರೆ ಆ ದನಿ ಕೇಳಿದರೆ ಮುದುಕಿಯರು ಗಂಟು ಎತ್ತಿಕೊಂಡು ಸರಿಯಾದ ಬಸ್ಸಿಗೇ ಓಡುತ್ತಿದ್ದರು. ಮನೆಯಲ್ಲೂ ಅವಳಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಉಪ್ಪು ಕೇಳಿದರೂ ಓಣಿಯ ತುದಿಗೆ ಕೇಳಬೇಕು. ನಾನು ಮಗ್ಗದ ಶೆಡ್ಡಿನಲ್ಲಿ ದಿನವಿಡೀ ಸದ್ದಿನಲ್ಲೇ ಇದ್ದು ಬರುವವನು. ಮನೆಗೆ ಬಂದರೆ ಅವಳದು. ಸುಮ್ಮನಿರು ಅಂತ ಎಷ್ಟು ಸಲ ಬೈದಿದ್ದೇನೋ.

ಅವಳ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಾಗ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಕಡ್ಡಿ ಮಾರುವ, ರಿಪೇರಿ ಮಾಡುವ ಹುಸೇನಸಾಬ ಆಗ ಒಂದು ದಾರಿ ಹೇಳಿದ. ಆಪರೇಶನ್ನಿನ ಮುಂಚೆ ಬನವ್ವ ಎಷ್ಟಾಗುತ್ತದೋ ಅಷ್ಟು ಮಾತಾಡಿ ದಾಖಲಿಸಬೇಕು. ಆಮೇಲೆ ಅವಳು ಏನು ಟೈಪು ಮಾಡಿದರೂ ಕಂಪ್ಯೂಟರು ಅವಳದೇ ದನಿಯಲ್ಲಿ ಆಡುವ ಹಾಗೆ ಅವನು ಕೂಡಿಸಿಕೊಡುತ್ತಾನೆ. ಬನವ್ವ ಸಿಕ್ಕಿದ್ದನ್ನೆಲ್ಲ ಓದಿದಳು. ಸಕ್ಕರೆ ಪೊಟ್ಟಣದ ಮೇಲಿನ ಬರಹ, ಲಗ್ನಪತ್ರಿಕೆ, ಮಗಳ ಹಳೆಯ ಪಾಠದ ಪುಸ್ತಕ. ಓದಲು ಏನೂ ಇಲ್ಲದಾಗ ನನ್ನ ಜೊತೆ ಜಗಳ ತೆಗೆದಳು, ಅದನ್ನೂ ಹುಸೇನಸಾಬ ದಾಖಲಿಸಿಕೊಂಡ. ಒಂದೇ ಒಂದು ಮಾಡಲಿಲ್ಲ, ಅಳಲಿಲ್ಲ. ಅಳುವ ದನಿ ಬೇಕಾಗುತ್ತದೆ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ.

ಹುಸೇನಸಾಬನ ಉಪಾಯ ಫಲಿಸಿತು. ಆಪರೇಶನ್ ಆದ ಮೇಲೆ ಬನವ್ವ ಸಂತೆಗೆ ಹೋಗಿ ಅಲ್ಲಿನ ಕಂಪ್ಯೂಟರಿಗೆ ಕಡ್ಡಿ ಚುಚ್ಚಿ, "ಹೀರೇಕಾಯಿ ಎಳೇವು ಅದಾವೇನವಾ?" ಎಂದು ಟೈಪು ಮಾಡಿದಾಗ ಸಂತೆಯೆಲ್ಲ ತಿರುಗಿ ನೋಡಿತು. ಅದೇ ಒಡಕು, ಕೊನೆಯಲ್ಲಿ ಅದೇ ಏರು. ಕಾಯಿ ಮಾರುವವಳು ಕಣ್ಣೊರೆಸಿಕೊಂಡು ಎರಡು ಕಾಯಿ ಹೆಚ್ಚಿಗೆ ಹಾಕಿದಳು. ಬಸ್‌ಸ್ಟ್ಯಾಂಡಿನವರೂ ಅವಳನ್ನು ಮತ್ತೆ ಕರೆದುಕೊಂಡರು. ಹೋದಲ್ಲೆಲ್ಲ ಕಂಪ್ಯೂಟರು ಇದ್ದೇ ಇರುತ್ತಿತ್ತು, ಕೊರಳಲ್ಲಿ ದನಿ ತೂಗುತ್ತಿತ್ತು. ದಾರಿಯಲ್ಲಿ ನಡೆಯುವಾಗ ಮಾತ್ರ ಮೂಕಿ.

ಅವಳ ಹತ್ತಿರ ಜೋಡಿ ಕಡ್ಡಿ ಇತ್ತು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಹುಸೇನಸಾಬ ಎರಡರಲ್ಲೂ ದನಿ ತುಂಬಿ ಕೊಟ್ಟಿದ್ದ. ಬೇರೆಲ್ಲೂ ಅದರ ನಕಲು ಇರಲಿಲ್ಲ. ನಮ್ಮ ಮಗಳು ವಾರಿಜಾ ಸೀರೆಯ ಸೆರಗು, ಅಂಚಿನ ದಡಿಗಳ ನಮೂನೆ ತೆಗೆಯುವುದನ್ನು ಕಲಿಯಲು ಸೇರಿದಾಗ ಅವಳ ಶಾಲೆಯ ಕಾಲದ ಸಣ್ಣ ಕಡ್ಡಿ ಸಾಲದಾಯಿತು. ದೊಡ್ಡ ಕಡ್ಡಿ ಅಂಗಡಿಯಲ್ಲಿ ಅಪರೂಪ. ಹೊರಗಿನ ವ್ಯಾನು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬನವ್ವ ತನ್ನ ಎರಡನೆಯದನ್ನು ಬಿಚ್ಚಿ ಮಗಳ ಕೊರಳಿಗೆ ಹಾಕಿದಳು. ನಾನು ಬೇಡವೆಂದೆ. "ಇಬ್ಬರು ಬನವ್ವಗಳು ಯಾತಕ ಬೇಕ್ರಿ ನಿಮಗ? ಒಬ್ಬಾಕಿನ್ನ ತಡಕೊಳ್ಳಾಕ ಆಗಂಗಿಲ್ಲ," ಎಂದಳು. ಮೂವರೂ ನಕ್ಕೆವು. ಅಂದಿನಿಂದ ಮೂರು ವರ್ಷ ವಾರಿಜಾ ಹಗಲೂ ಸಂಜೆಯೂ ಆ ಕಡ್ಡಿಯಲ್ಲಿ ನಮೂನೆ ತುಂಬುತ್ತ ಹೋದಳು. ತೊಂಡೆಹೂವು, ನವಿಲಗತ್ತು, ನೀರಿನ ಸುಳಿ. ನೇಕಾರರ ಸಂಘದವರು ಒಬ್ಬರನ್ನು ನಮೂನೆಗಾರ್ತಿಯಾಗಿ ತೆಗೆದುಕೊಳ್ಳುತ್ತೇವೆ ಅಂತ ಸಾರಿದ್ದರು. ನಮೂನೆಗಳನ್ನು ತೋರಿಸುವ ದಿನ ಶುಕ್ರವಾರ ಎಂದಾಗಿತ್ತು.

ಆ ವಾರದ ಮಂಗಳವಾರ ಬೆಳಿಗ್ಗೆ ಬನವ್ವ ಮನೆಯ ಕಂಪ್ಯೂಟರಿನ ಮುಂದೆ ಕೂತು ನನಗೆ ಏನೋ ಹೇಳುತ್ತಿದ್ದಳು, ರೊಟ್ಟಿ ಹಿಟ್ಟು ಬೀಸಿಸಬೇಕು ಅನ್ನುವಂಥದ್ದು. ನಡುವೆ ಪರದೆಯ ಮೇಲೆ ಕೆಂಪು ಪಟ್ಟಿಯೊಂದು ಬಂತು. ಕಡ್ಡಿ ಕಾಣುತ್ತಿಲ್ಲ ಎಂದು ಬರೆದಿತ್ತು. ಮುಟ್ಟಿ ನೋಡಿದೆ, ಕಡ್ಡಿ ಸುಡುತ್ತಿತ್ತು. ಕೀಳಲು ಹೋದ ನನ್ನ ಕೈಯನ್ನು ಅವಳು ಹಿಡಿದುಕೊಂಡಳು. ವಾರಿಜಾ ಓಡಿಹೋಗಿ ಹುಸೇನಸಾಬನನ್ನು ಕರೆತಂದಳು.

ಅವನು ಕೂತು ಬಹಳ ಹೊತ್ತು ನೋಡಿದ. ಆಮೇಲೆ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಕಡ್ಡಿ ಸತ್ತೈತಿ ದ್ಯಾಮಣ್ಣ," ಎಂದ. "ಅದರಾಗ ಇನ್ನ ಏನೂ ಇಲ್ಲ."

"ಮತ್ತ ಈಗ ಮಾತಾಡಾಕತ್ತಾಳಲ್ಲ?"

"ಮುಂಜಾನೆ ಹಚ್ಚಿದಾಗ ಎಲ್ಲಾ ಕಂಪ್ಯೂಟರಿನ ತಲಿಗೆ ಏರೇತಿ. ಅಲ್ಲಿ ಅಷ್ಟ ಐತಿ. ಆರಿಸಿದ್ರ ಹೋತು. ದೊಡ್ಡ ಕಡ್ಡಿ ಒಂದು ಸಿಕ್ರ ಇಲ್ಲಿಂದ ಅದಕ್ಕ ಇಳಿಸಬಹುದು. ನನ್ನ ಅಂಗಡ್ಯಾಗ ಒಂದೂ ಇಲ್ಲ. ವ್ಯಾನ್ ಬರೂದು ಗುರುವಾರ."

ನನ್ನ ಕಡ್ಡಿಯನ್ನು ಕೊರಳಿನಿಂದ ತೆಗೆದು ಅವನ ಮುಂದೆ ಇಟ್ಟೆ. ಅವನು ಅದನ್ನು ಮುಟ್ಟಲೇ ಇಲ್ಲ. ನನ್ನದು ಅಪ್ಪ ಕೊಡಿಸಿದ ಹಳೆಯ ಕಡ್ಡಿ, ಬನವ್ವನ ದನಿಯ ಕಾಲುಭಾಗವೂ ಅದರಲ್ಲಿ ಹಿಡಿಯುವುದಿಲ್ಲ. ವಾರಿಜಾಳ ನಮೂನೆಗಳೂ ಹಿಡಿಯುವುದಿಲ್ಲ. ಹುಸೇನಸಾಬನ ಸ್ವಂತ ಕಡ್ಡಿ ದೊಡ್ಡದೇ ಇತ್ತು. ಅದು ಅವನಿಗೂ ನೆನಪಾಗಿರಬೇಕು. ಎದ್ದು ನಿಂತವನು ಅದನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು, "ನನ್ನ ನೋಡಬ್ಯಾಡ ದ್ಯಾಮಣ್ಣ," ಎಂದು ಹೊರಟುಹೋದ.

ನಾನು ಓಣಿಗೆ ಇಳಿದೆ. ಕೇಳಬಾರದ್ದನ್ನು ಕೇಳಲು ಹೊರಟಿದ್ದೇನೆ ಅಂತ ಗೊತ್ತಿತ್ತು. ಸುದ್ದಿ ನನಗಿಂತ ಮುಂದೆ ಓಡಿತ್ತು. ಚಹಾದಂಗಡಿಯ ಮುಂದೆ ಹೋಗುತ್ತಿದ್ದಂತೆ ಕೂತವರ ಕೈಗಳು ತಾವಾಗಿಯೇ ಕೊರಳಿಗೆ ಹೋದವು, ಕಡ್ಡಿಗಳು ಒಂದೊಂದಾಗಿ ಅಂಗಿಯೊಳಗೆ, ಸೆರಗಿನೊಳಗೆ ಮರೆಯಾದವು. ಯಾರೂ ಕೆಟ್ಟವರಲ್ಲ. ಬನವ್ವನ ದನಿ ಕೇಳಿ ಬಸ್ಸು ಹತ್ತಿದವರೇ. "ಚಹಾ ಕುಡಿ ಬಾ ದ್ಯಾಮಣ್ಣ" ಅಂದರು. ಕುಡಿದೆ. ಯಾರೂ ನನ್ನ ಮುಖ ನೋಡಲಿಲ್ಲ.

ನಮ್ಮ ಹಿಂದಿನ ಮನೆಯ ತಿಪ್ಪವ್ವನ ಮಗ ಹೋದ ವರ್ಷ ಬಾವಿಯಲ್ಲಿ ಬಿದ್ದು ತೀರಿಕೊಂಡಿದ್ದ. ಅವನ ಕಡ್ಡಿಯನ್ನು ಅವಳು ಮಣ್ಣಿಗೆ ಹಾಕಲಿಲ್ಲ, ಮನೆಯಲ್ಲೇ ಇಟ್ಟುಕೊಂಡಿದ್ದಾಳೆ ಎಂದು ಜನ ಆಡಿಕೊಳ್ಳುತ್ತಿದ್ದರು. ನಾನು ಅವಳ ಬಾಗಿಲಿಗೆ ಹೋದೆ. ಅವಳು ಏನೂ ಕೇಳದೆ ಒಳಗೆ ಹೋಗಿ, ದೇವರ ಜಗಲಿಯಿಂದ ಅರಿಶಿನದ ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದೆ ಬಿಚ್ಚಿದಳು. ದೊಡ್ಡ ಕಡ್ಡಿ.

"ದಿನಾ ಮುಂಜಾನಿ ಹಚ್ಚತೇನಿ," ಎಂದಳು. "ಅವ ಏನೋ ಒಂದು ಆಟ ಆಡ್ತಿದ್ದ. ಅರ್ಧಕ್ಕ ನಿಂತೈತಿ. ಅದನ್ನ ನೋಡ್ಕೋತ ಕುಂದರತೇನಿ. ಬನವ್ವಗ ಬೇಕಂದ್ರ ತಗೋ. ಜೀವಂತ ಇದ್ದಾಕಿಗೆ ಆಗ್ಲಿ. ನೀ ಬಾಯಿ ಬಿಟ್ಟು ಕೇಳು ದ್ಯಾಮಣ್ಣ, ಕೊಡ್ತೇನಿ. ನಾ ಆಗಿ ಕೊಡಾಕ ನನ್ನ ಕೈ ಬರವಲ್ದು."

ಹಾಗೆನ್ನುತ್ತಲೇ ಅವಳ ಬೆರಳುಗಳು ಅದರ ಮೇಲೆ ಮಡಿಚಿಕೊಂಡವು. ನಾನು ಬಾಯಿ ತೆರೆದೆ. ಬಂದ ಮಾತು, "ಕಟ್ಟಿಡು ತಿಪ್ಪವ್ವ," ಎಂಬುದು.

ಸಂಜೆ ಇನ್ನೊಂದು ಸುದ್ದಿ ಬಂತು. ಬುಧವಾರ ಬೆಳಗಿನಿಂದ ಸಂಜೆಯವರೆಗೆ ತಂತಿ ಬದಲಿಸುವ ಕೆಲಸ, ಇಡೀ ಊರಿಗೆ ಕರೆಂಟಿಲ್ಲ. ಮನೆಯ ಬ್ಯಾಟರಿ ಒಂದು ತಾಸು ತಡೆಯುವುದೂ ಅನುಮಾನ. ವಾರಿಜಾ ಕೇಳಿದ ತಕ್ಷಣ ಕೊರಳಿನ ದಾರಕ್ಕೆ ಕೈ ಹಾಕಿದಳು.

"ಅವ್ವಾ, ಇದು ಮೊದಲು ನಿಂದ ಇತ್ತು."

ಬನವ್ವ ಕೀಲಿಗಳ ಮೇಲೆ ಬೆರಳು ಹೊಡೆದಳು. "ಅದನ್ನ ಕೊರಳಿಂದ ತಗದ್ರ ನನ್ನ ಹೆಣ ನೋಡ್ತೀ," ಎಂದಿತು ಅವಳ ದನಿ, ಓಣಿಗೆಲ್ಲ ಕೇಳುವ ಹಾಗೆ.

ಬೇರೆ ದಾರಿ ಒಂದೇ ಇತ್ತು. ಸಂಘದ ಶೆಡ್ಡಿನಲ್ಲಿ ಮಗ್ಗ ನಡೆಸಲು ಜನರೇಟರ್ ಇದೆ. ನಾನು ಅಲ್ಲೇ ಕೆಲಸಗಾರ. ಅಧ್ಯಕ್ಷ ಕುಬೇರಪ್ಪನವರ ಮನೆಗೆ ಹೋಗಿ ಬೇಡಿಕೊಂಡೆ. ಅವರು ಒಳ್ಳೆಯ ಮಾತಿನಲ್ಲೇ ಒಪ್ಪಿದರು. "ತಗೊಂಡು ಬಾರಪ್ಪಾ. ಒಂದು ಕಂಪ್ಯೂಟರಿಗೆ ಏನು ಮಹಾ ಹೋಗ್ತೈತಿ," ಎಂದರು.

ಬುಧವಾರ ಕರೆಂಟು ಹೋಗುವ ಮುಂಚೆ ಕಂಪ್ಯೂಟರನ್ನೂ ಬ್ಯಾಟರಿಯನ್ನೂ ತಂತಿ ಬಿಚ್ಚದೆ ತಳ್ಳುಗಾಡಿಯ ಮೇಲೆ ಇಟ್ಟೆವು. ಕೆಳಗೆ ಕೌದಿ ಹಾಸಿದೆವು. ಬನವ್ವ ಗಾಡಿಯ ಮೇಲೆಯೇ ಕಾಲು ಮಡಿಚಿ ಕೂತು ಪರದೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನಾನು ಹಿಂದಿನಿಂದ ತಳ್ಳಿದೆ, ವಾರಿಜಾ ಮುಂದೆ ಕಲ್ಲು ಸರಿಸುತ್ತ ನಡೆದಳು. ಜನ ಬಾಗಿಲಿಗೆ ಬಂದು ನಿಂತರು. ಮೆರವಣಿಗೆಗೆ ಬಂದಂತೆ ನಿಂತರು. ಬಸ್‌ಸ್ಟ್ಯಾಂಡಿನ ಮುಂದೆ ಬಂದಾಗ ಬನವ್ವ ಕೈ ಎತ್ತಿ ಗಾಡಿ ನಿಲ್ಲಿಸಿದಳು. ಅಲ್ಲಿ ಒಂದು ಬಸ್ಸು ನಿಂತಿತ್ತು, ಅದರ ಹೆಸರನ್ನು ಕೂಗುವವರು ಯಾರೂ ಇರಲಿಲ್ಲ. ಅವಳು ಟೈಪು ಮಾಡಿದಳು. ಮೈಕಿಲ್ಲದೆಯೂ ಆ ದನಿ ಎಲ್ಲರಿಗೂ ಕೇಳಿತು. ಒಬ್ಬ ಮುದುಕಿ ಗಂಟು ಎತ್ತಿಕೊಂಡು ಓಡಿದಳು. ನನಗೆ ಒಂದು ಗಳಿಗೆ ಎಲ್ಲವೂ ಸರಿಹೋಗುತ್ತದೆ ಅನ್ನಿಸಿತು.

ಶೆಡ್ಡಿನಲ್ಲಿ ಕಂಪ್ಯೂಟರಿಗೆ ಜನರೇಟರಿನ ತಂತಿ ಕೊಟ್ಟೆವು. ಮಗ್ಗಗಳ ಸದ್ದಿನಲ್ಲಿ ಬನವ್ವನ ದನಿ ನಮಗೂ ಕೇಳುತ್ತಿರಲಿಲ್ಲ. ಅವಳು ಸುಮ್ಮನೆ ಪರದೆಯ ಮುಂದೆ ಕೂತಿದ್ದಳು, ಎಳೆಮಗುವಿಗೆ ಕಾವಲು ಕೂತಂತೆ. ಸಂಜೆ ಕರೆಂಟು ಬಂದರೆ ಆಯಿತು, ನಾಳೆ ವ್ಯಾನು. ಅಷ್ಟನ್ನೇ ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಜನರೇಟರು ಕೆಮ್ಮತೊಡಗಿತು. ದೀಪಗಳು ಮಂಕಾಗಿ ಮತ್ತೆ ಹತ್ತಿದವು. ನೋಡಿಕೊಳ್ಳುವವನು ಬಂದು ಕಿವಿ ಕೊಟ್ಟು ಕೇಳಿ, ಡೀಸೆಲ್ಲಿನಲ್ಲಿ ನೀರು ಸೇರಿರಬೇಕು, ನಡೆದಷ್ಟು ನಡೆಯಲಿ, ನಂಬಿಕೆಯಿಲ್ಲ ಎಂದ. ಹೊರೆ ಕಡಿಮೆ ಮಾಡಲು ಮಗ್ಗಗಳನ್ನು ನಿಲ್ಲಿಸಿ ನೇಕಾರರೆಲ್ಲ ಊಟಕ್ಕೆ ಹೊರಗೆ ಹೋದರು. ಮಗ್ಗಗಳ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನಾವು ಮೂವರೇ ಉಳಿದೆವು.

ವಾರಿಜಾ ದಾರವನ್ನು ಹರಿದೇಬಿಟ್ಟಳು. ಕಡ್ಡಿ ಅವಳ ಮುಷ್ಟಿಯಲ್ಲಿತ್ತು.

"ಇನ್ನ ನಿನ್ನ ಮಾತು ಕೇಳಂಗಿಲ್ಲ ಅವ್ವಾ. ನಮೂನಿ ಮತ್ತ ತೆಗೀತೇನಿ. ಕೈ ಅದಾವು, ಕಣ್ಣು ಅದಾವು. ನಿನ್ನ ದನಿ ಎಲ್ಲಿಂದ ತರ್ಲಿ?"

ಬನವ್ವ ಟೈಪು ಮಾಡಿದಳು. "ಮೂರು ವರ್ಷ ನೀ ಗೋಣು ಎತ್ತದ ಕುಂತಿದ್ದು ನಾ ನೋಡೇನಿ. ನಾಡಿದ್ದು ಬರಿಗೈಲೆ ಹೋಗಿ ನಿಂದರತೀಯೇನು?"

"ಬರೂ ವರ್ಷ ನಿಂದರತೇನಿ."

"ಬರೂ ವರ್ಷ ಯಾರ ಕರೀತಾರ ನಿನ್ನ? ನನ್ನ ದನಿ ಹೋಗಿ ಎಂದೋ ಆತು, ಹುಡುಗಿ. ಇದು ಅದರ ನೆಳ್ಳು ಅಷ್ಟ."

ಅವಳ ಕಣ್ಣಿನಿಂದ ನೀರು ಇಳಿದು ಕೀಲಿಗಳ ಮೇಲೆ ಬೀಳುತ್ತಿತ್ತು. ಆದರೆ ಆ ದನಿಗೆ ಅಳಲು ಬರುತ್ತಿರಲಿಲ್ಲ. ಅದು ಹೀರೇಕಾಯಿ ಎಳೆಯವೇ ಎಂದು ಕೇಳಿದಾಗ ಹೇಗಿತ್ತೋ ಹಾಗೆಯೇ ಇತ್ತು, ಕೊನೆಯಲ್ಲಿ ಅದೇ ಏರು. ವಾರಿಜಾ ಕಂಪ್ಯೂಟರಿನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಬನವ್ವ ನನ್ನ ಕಡೆ ತಿರುಗಿ ನೋಡಿ ಮತ್ತೆ ಬೆರಳು ಆಡಿಸಿದಳು.

"ಏನ್ರಿ, ಹುಡುಗಿ ಕೈ ನಡುಗಾಕತ್ತಾವು. ಹಿಡ್ಕೋರಿ."

ನಾನು ಹೋಗಿ ಮಗಳ ಎರಡೂ ಕೈಗಳನ್ನು ಹಿಡಿದುಕೊಂಡೆ. ನಿಜವಾಗಿಯೂ ನಡುಗುತ್ತಿದ್ದವು. ಎದೆಗೆ ಅವಚಿಕೊಂಡೆ. ಅಷ್ಟರಲ್ಲಿ ಬನವ್ವ ಬಾಗಿ, ಕಂಪ್ಯೂಟರಿನ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟು ಒತ್ತಿ ಹಿಡಿದಳು. ವಾರಿಜಾ ಕಿರುಚಿ ಕೊಸರಾಡಿದಳು. ನಾನು ಬಿಡಬೇಕಿತ್ತೋ ಏನೋ. ಏನಾಗುತ್ತಿದೆ ಎಂದು ತಿಳಿಯುವ ಮುಂಚೆ ಪರದೆ ಕಪ್ಪಾಯಿತು. ಅವಳು ಹೆಬ್ಬೆರಳು ತೆಗೆಯಲಿಲ್ಲ. ಇನ್ನೂ ಏನೋ ಉಳಿದಿದೆ, ಅದನ್ನೂ ಹೊರದಬ್ಬಬೇಕು ಅನ್ನುವ ಹಾಗೆ ಬಹಳ ಹೊತ್ತು ಒತ್ತಿಯೇ ಇದ್ದಳು.

ಜನರೇಟರು ನಿಲ್ಲಲಿಲ್ಲ. ಊಟ ಮುಗಿಸಿ ಬಂದ ನೇಕಾರರು ಮಗ್ಗ ಹಚ್ಚಿದರು, ಅದು ಒಮ್ಮೆಯೂ ಕೆಮ್ಮದೆ ನಡೆಯಿತು. ಕರೆಂಟು ಹೇಳಿದ್ದಕ್ಕಿಂತ ಬೇಗ ಬಂತು. ಗುರುವಾರ ವ್ಯಾನು ಬಂದು ಹುಸೇನಸಾಬನ ಅಂಗಡಿಯಲ್ಲಿ ದೊಡ್ಡ ಕಡ್ಡಿಗಳ ಪೆಟ್ಟಿಗೆಯನ್ನೇ ಇಳಿಸಿತು. ಅವನೇ ಒಂದನ್ನು ತಂದು ನಮ್ಮ ಹೊಸ್ತಿಲ ಮೇಲೆ ಇಟ್ಟು, ಒಳಗೆ ಬಾರದೆ ಹೋದ.

ಶುಕ್ರವಾರ ವಾರಿಜಾ ಸಂಘಕ್ಕೆ ಹೋದಳು. ತಾಯಿ ತಲೆ ಬಾಚಿ, ಹೊಸ ದಾರ ಪೋಣಿಸಿ ಕಳಿಸಿದ್ದಳು. ಕುಬೇರಪ್ಪನವರು ಎಲ್ಲ ನಮೂನೆಗಳನ್ನೂ ನೋಡಿದರಂತೆ, ನೀರಿನ ಸುಳಿಯ ದಡಿಯನ್ನು ಎರಡು ಸಲ ನೋಡಿದರಂತೆ, ಚೆಂದ ಐತವ್ವ ಅಂದರಂತೆ. ಆಮೇಲೆ ಬಂದವರನ್ನೆಲ್ಲ ಒಟ್ಟಿಗೆ ಕೂರಿಸಿ, ಈ ವರ್ಷದಿಂದ ಸಿದ್ಧ ನಮೂನೆಗಳನ್ನು ಹೊರಗಿನಿಂದಲೇ ತರಿಸುವುದೆಂದು ಸಂಘ ತೀರ್ಮಾನಿಸಿದೆ, ಯಾರನ್ನೂ ತೆಗೆದುಕೊಳ್ಳುತ್ತಿಲ್ಲ ಎಂದರಂತೆ. ಮನೆಗೆ ಬಂದು ಅವಳು ಇದನ್ನು ನನಗೆ ಹೇಳಿದಳು, ತಾಯಿಗೆ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಬನವ್ವ ಬಾಗಿಲಲ್ಲೇ ನಿಂತಿದ್ದಳು.

ಹೊಸ ಕಡ್ಡಿಯನ್ನು ಒಂದು ದಿನ ಚುಚ್ಚಿ ನೋಡಿದೆವು. ಸಿಸ್ಟಮ್ಮಿನ ಜೊತೆಗೇ ಒಂದು ಹೆಂಗಸಿನ ದನಿ ಬಂದಿತ್ತು. ಸ್ಪಷ್ಟ, ಇಂಪು, ಯಾವ ಊರಿನದೂ ಅಲ್ಲ. ಬನವ್ವ "ಊಟಕ್ಕ ಬರ್ರಿ" ಎಂದು ಟೈಪು ಮಾಡಿದಳು. ಆ ಹೆಂಗಸು ನನ್ನನ್ನು ಊಟಕ್ಕೆ ಕರೆದಳು. ನನಗೆ ಎದ್ದು ಹೋಗಲು ಆಗಲಿಲ್ಲ. ಬನವ್ವ ಕಡ್ಡಿಯನ್ನು ಕಿತ್ತು ಗೂಡಿನಲ್ಲಿ ಇಟ್ಟಳು. ಆಮೇಲೆ ಯಾರೂ ಅದನ್ನು ಮುಟ್ಟಿಲ್ಲ. ಈಗ ಅವಳಿಗೆ ಏನಾದರೂ ಹೇಳಬೇಕಾದರೆ ಸ್ಲೇಟಿನ ಮೇಲೆ ಬರೆಯುತ್ತಾಳೆ, ಇಲ್ಲವೆ ಚಪ್ಪಾಳೆ ತಟ್ಟುತ್ತಾಳೆ. ಬಸ್‌ಸ್ಟ್ಯಾಂಡಿಗೆ ಹೋಗುವುದಿಲ್ಲ. ವಾರಿಜಾ ಶೆಡ್ಡಿನಲ್ಲಿ ನನ್ನ ಪಕ್ಕದಲ್ಲೇ ಕಂಡಿಕೆಗೆ ನೂಲು ಸುತ್ತುತ್ತಾಳೆ. ಹೊರಗಿನಿಂದ ಬಂದ ನಮೂನೆಯ ಸೀರೆಗಳನ್ನು ನಾನು ನೇಯುತ್ತೇನೆ. ಮನೆಗೆ ಹೋದರೆ ಈಗ ಸದ್ದಿಲ್ಲ.

ಮೊನ್ನೆ ಅಮಾವಾಸ್ಯೆಗೆ ಶೆಡ್ಡು ರಜೆ. ನಾನೂ ವಾರಿಜಾಳೂ ಪಡಸಾಲೆಯಲ್ಲಿ ಕೂತಿದ್ದೆವು. ಬನವ್ವ ಒಳಗೆ ಅಕ್ಕಿ ಆರಿಸುತ್ತಿದ್ದಳು. ವಾರಿಜಾ ಬಹಳ ದಿನದಿಂದ ಒಳಗಿಟ್ಟುಕೊಂಡದ್ದನ್ನು ಹೊರಹಾಕುವಂತೆ, "ಅಪ್ಪಾ, ಅವ್ವ ಬಸ್ ಕೂಗತಿದ್ಲಲ್ಲ, ಹೆಂಗ ಕೂಗತಿದ್ಲು? ಕಡೀಕ ಮ್ಯಾಲೆ ಎತ್ತತಿದ್ಲೋ, ಕೆಳಗ ಬಿಡತಿದ್ಲೋ?" ಎಂದಳು.

"ಮ್ಯಾಲೆ," ಎಂದೆ. ಒಮ್ಮೆ ಅನ್ನಲು ನೋಡಿದೆ.

"ಹಂಗಲ್ಲ. ಇನ್ನೂ ಗಡುಸು ಇತ್ತು," ಎಂದು ಅವಳು ಅಂದು ತೋರಿಸಿದಳು. ಅದೂ ಅಲ್ಲ ಅನ್ನಿಸಿತು. ನಾನು ಮತ್ತೊಮ್ಮೆ ಅಂದೆ. ಅವಳು ಮತ್ತೊಮ್ಮೆ. ಅನ್ನುತ್ತ ಹೋದಂತೆ ಅದು ಇನ್ನೂ ದೂರ ಹೋಯಿತು; ಕೊನೆಗೆ ನಮ್ಮಿಬ್ಬರ ಬಾಯಲ್ಲೂ ಬರಿಯ ನಮ್ಮ ದನಿಗಳೇ ಉಳಿದವು.

ತಲೆ ಎತ್ತಿದಾಗ ಬನವ್ವ ಮೊರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ನೀ ಹೇಳವ್ವಾ," ಎಂದಳು ವಾರಿಜಾ. "ಯಾರದು ಖರೆ?"

ಬನವ್ವ ಮೊರವನ್ನು ಕೆಳಗಿಟ್ಟು ಸ್ಲೇಟು ತೆಗೆದುಕೊಂಡಳು. ಬರೆಯಲು ಹೋಗಿ ನಿಂತಳು. ಕಣ್ಣು ಮುಚ್ಚಿ, ತುಟಿಗಳನ್ನು ಆಡಿಸಿದಳು, ಬಸ್ಸಿನ ಹೆಸರೇ ಇರಬೇಕು. ಎರಡು ಮೂರು ಸಲ ಆಡಿಸಿ, ಒಳಗೆ ಎಲ್ಲಾದರೂ ಕೇಳುತ್ತದೆಯೇ ಎಂದು ಕಾದಳು. ಆಮೇಲೆ ಬರೆದು ನಮ್ಮ ಕಡೆ ತಿರುಗಿಸಿ ಹಿಡಿದಳು.

ನನಗೂ ನೆನಪಿಲ್ಲ, ಎಂದಿತ್ತು.